ಬಾಗಿಲಿಗೆ ಕಟ್ಟಿದ ಬೇವು

ಕಾರ್ಕಳದ ಭಾವನ ಮನೆಯಂಗಳಕ್ಕೆ ನಾವು ಕಾಲಿಟ್ಟಾಗ ಹತ್ತು ಗಂಟೆ ಹತ್ತು ನಿಮಿಷ. ಕೋರ್ಟಿನ ಅಮೀನರು ಕೈಗಡಿಯಾರ ನೋಡಿ ಬರೆದುಕೊಂಡದ್ದರಿಂದ ನೆನಪಿದೆ.

ಅಕ್ಕನನ್ನು ಕಾಪುವಿನ ನಮ್ಮ ಮನೆಗೆ ಅಟ್ಟಿದ ಭಾವ, ಐದು ವರ್ಷದ ಮಗಳನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು. ತಿಂಗಳಿಗೊಂದು ಶನಿವಾರ ತಾಯಿಗೆ ಮಗುವನ್ನು ತೋರಿಸಬೇಕೆಂದು ಕೋರ್ಟು ಹೇಳಿತ್ತು. ಮೊದಲ ಸಲ ಹೋದಾಗ ಮನೆಗೆ ಬೀಗ. ಎರಡನೆಯ ಸಲ, ಮಗು ಅಜ್ಜಿಯೊಂದಿಗೆ ಧರ್ಮಸ್ಥಳಕ್ಕೆ ಹೋಗಿದೆಯೆಂಬ ಉತ್ತರ. ಹಾಗಾಗಿ ಮೂರನೆಯ ಸಲ ಅಮೀನರೇ ಜೊತೆಗೆ ಬಂದರು. ಪಕ್ಕದ ಮನೆಯ ಹುಡುಗಿಯ ಅಳತೆಗೆ ಅಕ್ಕ ಒಂದು ಫ್ರಾಕು ಹೊಲಿದು ತಂದಿದ್ದಳು.

ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಸಿಡುಬಿನ ಮನೆಯ ಗುರುತು ಅದು. ಹೊರಗಿನವರು ಒಳಗೆ ಹೋಗುವಂತಿಲ್ಲ. ಅಮೀನರು ರಸ್ತೆಗೇ ಹಿಂತಿರುಗಿದರು.

“ನನ್ನ ಮನೆಯಲ್ಲೂ ಮಕ್ಕಳುಂಟು ಮಾರಾಯ್ರೆ.”

ಅರವತ್ತರ ದಶಕದ ಆರಂಭ ಅದು. ನಾನು ಉಡುಪಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಹಿತ್ತಿಲಿನಿಂದ ಮಗು ನಗುವುದು ಕೇಳಿಸಿತು. ಸೊಪ್ಪನ್ನು ಕಿತ್ತು ನೆಲಕ್ಕೆಸೆದೆ.

“ಎಂತ ಸಿಡುಬು? ಸುಳ್ಳು!”

ಭಾವ ಹೊರಗೆ ಬಂದರು. “ಓಹೋ, ಕಾಲೇಜಿನವರು! ದೇವಿಯನ್ನೂ ಕಿತ್ತು ಬಿಸಾಡ್ತಾರೆ ಅಲ್ವಾ?” ಎಂದು ನಕ್ಕು, ಅಕ್ಕನ ಕಡೆ ತಿರುಗಿದರು. “ಮಗಳನ್ನು ನೋಡಬೇಕಾ? ಹಿಂದೆ ಬಾ, ತೋರಿಸ್ತೇನೆ.”

ಹಿತ್ತಿಲಿಗೆ ಹೋದೆವು. ಅವರು ಮಗುವನ್ನೆತ್ತಿ ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿದರು, ಮುಖ ನೀರಿನ ಕಡೆಗೆ. ಹಿಡಿದದ್ದು ಒಂದೇ ಕೈಯನ್ನು.

“ಅಲ್ಲಿಂದಲೇ ನೋಡು. ಒಂದು ಹೆಜ್ಜೆ ಮುಂದೆ ಬಂದರೆ ಬಿಡ್ತೇನೆ.”

ಮಗು ಆಟವೆಂದುಕೊಂಡಿತು. “ಅಮ್ಮ!” ಎಂದು ತಿರುಗಲು ಹೋಗಿ ಕಾಲು ಜಾರಿತು, ಅವರ ಕೈಯಲ್ಲಿ ತೂಗಾಡಿತು. ಅಕ್ಕ ಎರಡೂ ಅಂಗೈ ಮುಂದೆ ಮಾಡಿ, “ಹೋಗ್ತೇವೆ, ಹೋಗ್ತೇವೆ,” ಎನ್ನುತ್ತಾ, ಬೆನ್ನು ತಿರುಗಿಸದೆ ಹಿಂದಕ್ಕೆ ನಡೆದಳು. ಆಮೇಲೆ ಅವರು ಮಗುವನ್ನು ಕೆಳಗಿಳಿಸಿದರು.

ನಾವು ದೂರು ಕೊಟ್ಟಾಗ ಕೋರ್ಟಿನಲ್ಲಿ ಅಮೀನರು ಬೇವು ಕಂಡದ್ದನ್ನು ಹೇಳಿದರು. ರಸ್ತೆಯಲ್ಲಿದ್ದವರಿಗೆ ಬಾವಿ ಕಂಡಿರಲಿಲ್ಲ. ಭಾವನ ವಕೀಲರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

“ಸೊಪ್ಪು ಕಿತ್ತವರು ಯಾರು?”

“ನಾನು,” ಎಂದೆ. ಯಾರೋ ಹಿಂದಿನಿಂದ ನಕ್ಕರು. ನಮ್ಮ ದೂರು ನಿಲ್ಲಲಿಲ್ಲ; ತಿಂಗಳಿಗೊಂದು ಶನಿವಾರವೆಂಬ ಆದೇಶ ಮಾತ್ರ ಹಾಗೆಯೇ ಉಳಿಯಿತು.

ನಾನು ಅದನ್ನು ಕೀಳದಿದ್ದರೆ ಅವರು ಮಗುವನ್ನು ಹಾಗೆ ಎತ್ತುತ್ತಿದ್ದರೋ ಇಲ್ಲವೋ, ಈಗಲೂ ತಿಳಿಯದು. ಕಣ್ಣು ಮುಚ್ಚಿದರೆ ಆ ಕಾಲು ಜಾರುತ್ತಿತ್ತು. ಶನಿವಾರ ಹತ್ತಿರ ಬಂದ ಹಾಗೆ ಅಕ್ಕ ನಿದ್ದೆಯಿಂದ ಎದ್ದೆದ್ದು ಕೂರುತ್ತಿದ್ದಳು.

ಮಳೆಗಾಲಕ್ಕೆ ಮೊದಲು ಅವಳು ಉಡುಪಿಯ ವಕೀಲರಲ್ಲಿಗೆ ಹೋಗಿ, ಮಗಳನ್ನು ನೋಡುವ ಹಕ್ಕು ತನಗೆ ಬೇಡವೆಂದು ಬರೆಸಿ ಸಹಿ ಹಾಕಿದಳು. ನಾನು ತಡೆಯಲಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ಕೇಳಿದಳು: “ನಾನು ಹೋಗದಿದ್ದರೆ ಅವಳನ್ನು ಕಟ್ಟೆಗೆ ಹತ್ತಿಸುವುದಿಲ್ಲ, ಅಲ್ವಾ?”

“ಇಲ್ಲ ಅಕ್ಕ,” ಎಂದೆ.

ಆ ರಾತ್ರಿ ಮಲಗಿದ ಅಕ್ಕ ಬೆಳಕು ಹರಿಯುವವರೆಗೂ ಒಮ್ಮೆಯೂ ಎದ್ದು ಕೂರಲಿಲ್ಲವಂತೆ. ಹೇಳಲು ನಾಚಿಕೆ, ನನಗೂ ಎಚ್ಚರವಾಗಲಿಲ್ಲ.