ದವಡೆಯಣ್ಣ ಮಗಳನ್ನು ತಂಡದಿಂದ ಕೈಬಿಟ್ಟದ್ದು

ಕಟ್ಟುಹಲ್ಲು ಮಾಡುವ ಆ ಕಾರ್ಖಾನೆಯಲ್ಲಿ ದವಡೆಯಣ್ಣನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಹಲ್ಲು ಕೂರಿಸುವುದರಲ್ಲಿ ಪಳಗಿದ ಕೈ, ನಿಜ. ಆದರೆ ಜೊತೆಗಾರರು ಅವನನ್ನು ಹೊಗಳುತ್ತಿದ್ದದ್ದು ಬಾಸ್ಕೆಟ್‌ಬಾಲ್ ಲೆಕ್ಕಾಚಾರಕ್ಕೆ. ಪಂದ್ಯವಿದ್ದ ದಿನ ಊಟದ ಬಿಡುವಿನಲ್ಲಿ ಎಲ್ಲರೂ ಅಂದು ಆಡಲಿರುವವರಲ್ಲಿ ಐವರು ಆಟಗಾರ್ತಿಯರನ್ನು ಆರಿಸಿ, ಮೊಬೈಲಿನ ಆ್ಯಪ್‌ನಲ್ಲಿ ತಮ್ಮದೇ ಕಾಲ್ಪನಿಕ ತಂಡ ಕಟ್ಟುವರು. ಒಬ್ಬೊಬ್ಬಳಿಗೂ ಆ್ಯಪ್ ಗೊತ್ತುಮಾಡಿದ ಒಂದೊಂದು ಸುಳ್ಳು ಸಂಬಳ. ಐವರದೂ ಸೇರಿ ಮಿತಿ ದಾಟುವಂತಿಲ್ಲ. ಅವರು ಪಂದ್ಯದಲ್ಲಿ ಗಳಿಸಿದ್ದೇ ತಂಡದ ಅಂಕ. ಕೊನೆಗೆ ಬಂದವರು ಪ್ಲಾಸ್ಟರ್ ಮೆತ್ತಿದ ತೊಟ್ಟಿ ತೊಳೆಯಬೇಕು. ಉಳಿದವರು ಹೆಸರುವಾಸಿಗಳಿಗೆ ಸಂಬಳ ಸುರಿದು ಕೈಸುಟ್ಟುಕೊಂಡರೆ, ಇವನು "ಕಮ್ಮಿ ಸಂಬಳದೋಳು ಎಷ್ಟು ಹೊತ್ತು ಆಡ್ತಾಳೆ, ಅದನ್ನ ನೋಡ್ರೋ" ಎನ್ನುತ್ತಲೇ ಗೆಲ್ಲುತ್ತಿದ್ದ.

ಆ ದಿನ ಆಡುವವರಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವಳು ಅವನ ಮಗಳೇ. ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಅವಳಿಗದು ಮೊದಲ ಪಂದ್ಯ.

"ಇಷ್ಟು ಅಗ್ಗಕ್ಕೆ ಇನ್ಯಾರು ಸಿಗ್ತಾರಣ್ಣ!" ಎಂದು ಹಲ್ಲಿಗೆ ಹೊಳಪು ಕೊಡುವ ಪಾಲಿಶ್ ಅಕ್ಕ ಕಣ್ಣುಮುಚ್ಚಿಕೊಂಡು ಅವಳನ್ನು ಸೇರಿಸಿಕೊಂಡಳು. ಉಳಿದವರೂ ಹಾಗೆಯೇ ಮಾಡಿದರು. ದವಡೆಯಣ್ಣ ಲೆಕ್ಕ ಹಾಕಿದ. ಅರ್ಧ ಆಟ ಆಡಿದರೂ ಸಂಬಳಕ್ಕೆ ಮೋಸವಿಲ್ಲ. ಪೂರ್ತಿ ಆಡಿದರಂತೂ ಕೇಳುವುದೇ ಬೇಡ. ಆ ಮೊಣಕಾಲಿಟ್ಟುಕೊಂಡು ಅವಳು ಪೂರ್ತಿ ಆಡಲಿ ಎಂದು ತಾನೂ ಆಸೆಪಡುತ್ತಿದ್ದೇನಲ್ಲ ಎಂದು ಹೊಳೆದದ್ದೇ ತಡ, ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವಳನ್ನು ಬಿಟ್ಟು ಬೇರೊಬ್ಬಳನ್ನು ಹಾಕಿಕೊಂಡ.

ಸಂಜೆ ಎಲ್ಲರೂ ಮೇಣದ ದವಡೆಗಳನ್ನು ಪಕ್ಕಕ್ಕೆ ಸರಿಸಿ, ಒಂದೇ ಮೇಜಿನ ಸುತ್ತ ಪಂದ್ಯ ನೋಡಲು ಕೂತರು. ಮಗಳು ಚೆನ್ನಾಗಿಯೇ ಆಡಿದಳು. ಅವಳು ಜಿಗಿದು ನೆಲಕ್ಕಿಳಿದಾಗಲೆಲ್ಲ ಅಪ್ಪನ ಜೀವ ಬಾಯಿಗೆ ಬರುತ್ತಿತ್ತು. ಅರ್ಧ ಆಟಕ್ಕೇ ತರಬೇತುದಾರ ಅವಳನ್ನು ಹೊರಗೆ ಕರೆದುಕೊಂಡ.

"ಈ ಮನುಷ್ಯನಿಗೇನು ತಲೆ ಕೆಟ್ಟಿದ್ಯಾ!" ಎಂದು ಪಾಲಿಶ್ ಅಕ್ಕ ಬಾಯಿ ಬಡಿದುಕೊಂಡಳು. ಮೇಜಿನ ಸುತ್ತ ನೆಮ್ಮದಿಯ ಉಸಿರು ಬಿಟ್ಟವನು ದವಡೆಯಣ್ಣ ಒಬ್ಬನೇ. ಮಗಳು ಕುಂಟದೆ ನಡೆದುಹೋಗುವುದನ್ನು ಕಂಡು ಅವನಿಗೆ ಅಳುವೇ ಬಂತು. ಅವನ ತಂಡ ಎಂದೂ ಇಲ್ಲದಂತೆ ಕೊನೆಗೆ ಬಂತು.

ತೊಟ್ಟಿ ಉಜ್ಜುತ್ತಿರುವಾಗ ಮಗಳ ಫೋನು ಬಂತು. "ಅಪ್ಪಾ, ಯಾಕೆ ಹೊರಗೆ ಹೋದೆ ಅಂತ ಪಾಲಿಶ್ ಅಕ್ಕ ಮೆಸೇಜ್ ಮಾಡಿ ಬೈದಿದಾರೆ. ನೀವೂ ನನ್ನ ಹಾಕ್ಕೊಂಡಿದ್ರಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಕಣಮ್ಮಾ. ಹಾಕ್ಕೊಂಡಿದ್ರೆ, ಇನ್ನೂ ಆಡ್ಲಿ, ಇನ್ನೂ ಆಡ್ಲಿ ಅನ್ನಿಸ್ತಿತ್ತು."

ಬೇಜಾರು ಮಾಡಿಕೊಂಡಳೇನೋ ಎಂದು ಅವನು ನಲ್ಲಿ ನಿಲ್ಲಿಸಿ ಫೋನನ್ನು ಕಿವಿಗೆ ಒತ್ತಿಕೊಂಡ.

"ಕಾಲು ಸ್ವಲ್ಪ ಸುಸ್ತಾಗಿತ್ತಪ್ಪ. ನೋವೇನಿರ್ಲಿಲ್ಲ. ಸಾಕು ಅಂತ ನಾನೇ ಹೇಳಿ ಹೊರಗೆ ಬಂದೆ," ಎಂದಳು ಮಗಳು. "ನೀವೂ ಬೈತೀರೇನೋ ಅಂತ ಹೆದರ್ಕೊಂಡೇ ಫೋನ್ ಮಾಡ್ದೆ."