ಎದುರುಮನೆ ಅಕ್ಕನ ಬಿಲ್ಲೆಗಳು

ಮೊನ್ನೆ ನನ್ನ ಮೊಮ್ಮಗಳು ನಡುಮನೆಯಲ್ಲಿ ಕೂತು ಹಳೇ ಲಗ್ನಪತ್ರಿಕೆಯೊಂದನ್ನು ಕತ್ತರಿಸುತ್ತಿದ್ದಳು. ಮೂಲೆಗೆ ಹಚ್ಚಿದ ಅರಿಶಿನ, ಅಚ್ಚಿನ ಮಸಿ, ದಪ್ಪ ಕಾಗದ... ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಇದ್ದಲ್ಲೇ ನಿಂತೆ. ಕಾಗದವನ್ನು ಆರು ಮೂಲೆಯಾಗಿ ಕತ್ತರಿಸಿ, ಅದರ ಮೇಲೆ ಬಟ್ಟೆ ಮಡಿಸಿ, ಒಂದಕ್ಕೊಂದು ಜೋಡಿಸಿ ಕೌದಿ ಮಾಡುವುದನ್ನು ಮೊಬೈಲಿನಲ್ಲಿ ಯಾರೋ ಕಲಿಸುತ್ತಾರಂತೆ. "ಇದು ಹೊಸಾದು ಅಜ್ಜಿ, ನಿಂಗೆ ಗೊತ್ತಾಗಲ್ಲ" ಅಂದಳು.

ನಾನು ಅದನ್ನು ಕಲಿತು ಮೂವತ್ತೈದು ವರ್ಷವಾಯಿತು. ಕಲಿಸಿದವಳಿಗೆ ನಾನೇನು ಮಾಡಿದೆ ಅನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಹರಿಯಬ್ಬೆಯಿಂದ ಮದುವೆಯಾಗಿ ಹಿರಿಯೂರಿಗೆ ಬಂದಾಗ ನನಗೆ ಹತ್ತೊಂಬತ್ತು. ನಾಲ್ಕನೇ ಕ್ಲಾಸು ಓದಿದ್ದೆ. ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೆ. ಎದುರುಮನೆಯಲ್ಲಿ ಅಕ್ಕ ಇದ್ದಳು, ನಲವತ್ತರ ಹೆಂಗಸು. ಗಂಡ ಪುಣೆ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದ. ಎರಡು ಮೂರು ತಿಂಗಳಿಗೊಮ್ಮೆ ಐಮಂಗಲದ ಹತ್ತಿರ ಲಾರಿ ನಿಲ್ಲಿಸಿ ಬಂದು, ಒಂದು ಹೊತ್ತು ಉಂಡು ಹೋಗುತ್ತಿದ್ದ. ಮಕ್ಕಳಿರಲಿಲ್ಲ. ಹಾಗಾಗಿ ತೊಟ್ಟಿಲ ಶಾಸ್ತ್ರಕ್ಕೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಮುತ್ತೈದೆ ಅಂತ ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದರು. ಬೀದಿಯಲ್ಲಿ ಅವಳಿಗಿದ್ದ ಮರ್ಯಾದೆ ಅಷ್ಟೇ. ಆ ಒಂದು ಕರೆಗಾಗಿ ಎರಡು ಕೈ ತುಂಬಾ ಹಸಿರು ಬಳೆ ತೊಟ್ಟುಕೊಂಡು ಕಾಯುತ್ತಿದ್ದಳು.

ಹಿಂದೆ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕಿದ್ದಾಗ ಒಬ್ಬ ನರ್ಸಮ್ಮ ಅವಳಿಗೆ ಈ ಹೊಲಿಗೆ ಕಲಿಸಿದ್ದರಂತೆ. ಅಳತೆಗೆ ಗಂಡನ ಲಾರಿ ಚಕ್ರದ ನಟ್ಟು ಒಂದನ್ನು ಇಟ್ಟುಕೊಂಡಿದ್ದಳು. ಹಳೇ ಲಗ್ನಪತ್ರಿಕೆಯ ಕಾರ್ಡಿನ ಮೇಲೆ ನಟ್ಟು ಇಟ್ಟು ಸುತ್ತ ಪೆನ್ಸಿಲ್ ಎಳೆದರೆ ಆರು ಮೂಲೆಯ ಬಿಲ್ಲೆ. ಅದಕ್ಕೆ ಸೀರೆ ತುಂಡು ಸುತ್ತಿ ಕಚ್ಚಾ ಹೊಲಿಗೆ ಹಾಕಬೇಕು. ನಡುವೆ ಒಂದು, ಸುತ್ತ ಆರು, ಏಳು ಸೇರಿದರೆ ಒಂದು ಹೂವು. ಸುತ್ತಲೂ ಇನ್ನೊಂದು ಸಾಲು ಬಿಲ್ಲೆ ಕೂರುವ ತನಕ ಒಳಗಿನ ಕಾಗದ ಕೀಳಬಾರದು. ಕಿತ್ತರೆ ಅಂಚು ಸೊಟ್ಟಗಾಗುತ್ತದೆ.

ಆಗ ನಾನು ಏಳು ತಿಂಗಳ ಬಸುರಿ. ಅದಕ್ಕೆ ಮುಂಚೆ ಎರಡು ನಿಂತಿರಲಿಲ್ಲ. ಹುಟ್ಟೋಕೆ ಮೊದಲೇ ಮಗುವಿಗೆ ಏನೂ ಹೊಲಿಯಬಾರದು ಅಂತ ನಮ್ಮತ್ತೆಯ ಕಟ್ಟಪ್ಪಣೆ. ಅಕ್ಕ ಅದಕ್ಕೂ ದಾರಿ ಹುಡುಕಿದಳು.

"ಬಿಲ್ಲೆ ಹೊಲಿಯೇ. ಬಿಡಿಬಿಡಿ ಇದ್ರೆ ಅದು ಕೌದಿ ಹೆಂಗಾಗ್ತೈತೆ? ದೇವ್ರು ಬಂದು ಕೇಳಿದ್ರೆ ಚೌಕಾಬಾರ ಆಡ್ತಿದೀವಿ ಅನ್ನು."

ನನ್ನ ಮಡಿಲು ತುಂಬುವ ದಿನ ಐದು ಜನ ಮುತ್ತೈದೆಯರಲ್ಲಿ ಅಕ್ಕನೂ ಇರಬೇಕು ಅಂತ ನಾನೇ ಹಟ ಹಿಡಿದು ಅತ್ತೆಯನ್ನು ಒಪ್ಪಿಸಿದ್ದೆ. ಅವಳಿಗೆ ಹೇಳಿದಾಗ ಸೆರಗಿನಿಂದ ಮೂಗು ಒರೆಸಿಕೊಂಡು, "ಥೂ, ಈರುಳ್ಳಿ ಹೆಚ್ಚಿದ್ದೆ" ಅಂದಳು. ಮನೆಯಲ್ಲಿ ಒಂದು ಈರುಳ್ಳಿಯೂ ಇರಲಿಲ್ಲ.

ಇನ್ನು ನಾಲ್ಕು ದಿನ ಇತ್ತು. ಅಕ್ಕ ನಲ್ಲಿ ನೀರಿಗೆ ಹೋಗಿದ್ದಳು. ಅವಳ ಮನೆಯಲ್ಲೇ ಕೂತಿದ್ದ ನಾನು ಅವಳ ಬುಟ್ಟಿಯಲ್ಲಿ ಕೈಯಾಡಿಸಿದಾಗ ಅವಳೇ ಹೊಲಿದಿಟ್ಟ ಒಂದು ಹೂವು ಸಿಕ್ಕಿತು. ಹೂವು ಮುಗಿದಿದೆ ಅಂದುಕೊಂಡು, ನನ್ನ ಜಾಣತನ ತೋರಿಸೋಣ ಅಂತ ಕಚ್ಚಾ ದಾರ ಬಿಚ್ಚಿ ಒಳಗಿನ ಕಾಗದಗಳನ್ನು ಕಿತ್ತು, ಇದ್ದ ಹಾಗೇ ಚಾಪೆಯ ಮೇಲೆ ಜೋಡಿಸಿದೆ. ಏಳೂ ಒಂದೇ ಕಾರ್ಡಿನವು. ಪಕ್ಕಪಕ್ಕ ಕೂತದ್ದೇ ಅದರಲ್ಲೊಂದು ಮುಖ ಮೂಡಿತು. ಅಕ್ಕನ ಮನೆ ಗೋಡೆಯ ಮೇಲಿದ್ದ ಅದೇ ಫೋಟೋ. ಅವಳ ಗಂಡ. ಕೆನ್ನೆಯ ಮೇಲೆ ಸೂಜಿ ತೂತುಗಳು.

ಅದು ತಿಥಿ ಕಾರ್ಡು. ನಮ್ಮ ಕಡೆ ಅಂಥ ಕಾರ್ಡನ್ನು ಓದಿದ ಕೂಡಲೇ ಹರಿದು ಹೊರಗೆ ಬಿಸಾಕುತ್ತೇವೆ, ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಬೆರಳಿಟ್ಟು ಓದಿದೆ. ಸತ್ತು ಮೂರು ತಿಂಗಳಾಗಿತ್ತು. ಹೊಳಲ್ಕೆರೆ ಕಡೆಯ ಊರು. ದುಃಖತಪ್ತರು ಅಂತ ಕೆಳಗೆ ಧರ್ಮಪತ್ನಿಯ ಹೆಸರು, ಎರಡು ಮಕ್ಕಳ ಹೆಸರು. ಆ ಧರ್ಮಪತ್ನಿ ನಮ್ಮ ಅಕ್ಕ ಅಲ್ಲ.

ತಲೆಯೆತ್ತಿದರೆ ಅಕ್ಕ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಸುತ್ತಲ ಸಾಲು ಹೊಲಿಯೋಗಂಟ ಕಾಗದ ಕೀಳಬ್ಯಾಡ ಅಂದಿರ್ಲಿಲ್ವೇನೆ?" ಅಂದಳು. ಆಮೇಲೆ ಕೊಡ ಇಳಿಸಿ ಕೂತಳು. "ಅವರ ಲಾರಿ ಕ್ಲೀನರ್ ತಂದುಕೊಟ್ಟ. ನಂಗೆ ಓದಕ್ಕೆ ಬರಲ್ಲ, ಅವನೇ ಓದಿ ಹೇಳಿದ. ಬಿಸಾಕಿದ್ರೆ ಯಾರಾದ್ರೂ ನೋಡ್ತಾರೆ ಅಂತ ಬಟ್ಟೆ ಒಳಗೆ ಹೊಲಿದೆ."

"ಅಕ್ಕ, ಬಳೆ..." ಅಂದೆ.

"ಗಂಡ ಸತ್ತಿದ್ದು ಅವಳಿಗೆ ಕಣೇ. ನಂಗೆ ಇದ್ದಿದ್ದಾದ್ರೂ ಯಾವಾಗ? ಬಳೆ ನಾನೇ ಕೂಲಿ ಮಾಡಿ ತೊಟ್ಟಿದ್ದು. ಯಾರಿಗೂ ಹೇಳಬ್ಯಾಡ. ಈ ಬೀದೀಲಿ ನನ್ನ ಒಳಗೆ ಕರೆಯೋದು ಈ ಬಳೆ ನೋಡಿ."

ಹೇಳಲ್ಲ ಅಂತ ಆಣೆ ಮಾಡಿದೆ. ಮನೆಗೆ ಬಂದು ಆ ಹೊತ್ತಿನ ಮುದ್ದೆ ಉಣ್ಣೋಕೂ ಆಗಲಿಲ್ಲ. ಹೊಟ್ಟೆಯಲ್ಲಿ ಮಗು ಒದ್ದರೂ ಹೆದರಿಕೆ, ಒದೆಯದಿದ್ದರೂ ಹೆದರಿಕೆ. ತಿಥಿ ಕಾರ್ಡು ಮುಟ್ಟಿದ ಕೈ, ಆ ಕೈಯಿಂದ ಹೊಲಿದ ಬಿಲ್ಲೆ... ಎರಡು ದಿನ ತಡೆದೆ. ಮೂರನೇ ದಿನ ಅತ್ತೆಗೆ ಹೇಳಿಬಿಟ್ಟೆ. ಅತ್ತೆ ಅವಳಿಗೆ ಬರಬೇಡ ಅಂತ ಗುಟ್ಟಾಗಿ ಹೇಳಿ ಕಳಿಸುತ್ತಾಳೆ ಅಂದುಕೊಂಡಿದ್ದೆ.

ಹೇಳಿ ಕಳಿಸಲಿಲ್ಲ. ಮಡಿಲು ತುಂಬುವ ದಿನ ಮನೆ ತುಂಬಾ ಹೆಂಗಸರು. ಅಕ್ಕ ಪೆಟ್ಟಿಗೆಯ ಸೀರೆ ಉಟ್ಟು, ತಟ್ಟೆಯಲ್ಲಿ ರವಿಕೆ ಕಣ, ತೆಂಗಿನಕಾಯಿ, ಹಸಿರು ಬಳೆ ಇಟ್ಟುಕೊಂಡು ಬಂದಳು. ಅತ್ತೆ ಹೊಸ್ತಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಂತ್ಕಳಮ್ಮ. ಗಂಡನ್ನ ಮಣ್ಣು ಮಾಡಿ ಮೂರು ತಿಂಗ್ಳಾತಂತೆ. ಇನ್ನೂ ಯಾರ ಹೆಸರಲ್ಲಿ ಕುಂಕುಮ ಇಟ್ಕಂಡಿದೀಯ?"

ಯಾರೋ "ಅಯ್ಯಯ್ಯಪ್ಪಾ" ಅಂದರು. ಅಕ್ಕ ಅತ್ತೆಯನ್ನು ನೋಡಲೇ ಇಲ್ಲ. ಅತ್ತೆಯ ಹೆಗಲ ಮೇಲಿಂದ, ಮಣೆಯ ಮೇಲೆ ಕೂತಿದ್ದ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಕಪಾಳಕ್ಕೆ ಹೊಡೆಸಿಕೊಂಡ ಮಗುವಿನ ಕಣ್ಣಿನ ಹಾಗಿತ್ತು, ಯಾಕೆ ಹೊಡೆದರು ಅಂತ ಗೊತ್ತಾಗದ ಕಣ್ಣು. ನಾನು ತಲೆ ತಗ್ಗಿಸಿದೆ. ಅವಳ ಪರವಾಗಿ ಒಂದು ಮಾತು ಆಡಲಿಲ್ಲ. ತಟ್ಟೆಯನ್ನು ಹೊಸ್ತಿಲ ಹೊರಗೆ ಇಟ್ಟು ಹೋದಳು. ಅದನ್ನು ಯಾರೂ ಮುಟ್ಟಲಿಲ್ಲ. ಆಳಿನವಳು ಕಡ್ಡಿಯಿಂದ ತಳ್ಳಿ ತಿಪ್ಪೆಗೆ ಹಾಕಿದಳು.

ಬೆಳಿಗ್ಗೆ ಎದುರುಮನೆಗೆ ಬೀಗ. ಮಾರಿಕಣಿವೆ ಕಡೆ ಹೋಗುವ ಬಸ್ಸು ಹತ್ತಿದಳು ಅಂತ ಒಬ್ಬರು, ಹೊಸದುರ್ಗದ ಬಸ್ಸು ಅಂತ ಇನ್ನೊಬ್ಬರು... ಮತ್ತೆ ನಾನು ಅವಳನ್ನು ಕಾಣಲಿಲ್ಲ.

ಮಗು ಗುಂಡುಕಲ್ಲಿನ ಹಾಗೆ ಹುಟ್ಟಿತು. ಈ ಮೊಮ್ಮಗಳ ಅಪ್ಪ ಅವನೇ. ಅಕ್ಕ ನನಗೆ ಹೊಲಿದು ಕೊಟ್ಟಿದ್ದ ಬಿಲ್ಲೆಗಳನ್ನೆಲ್ಲ ಅತ್ತೆ ಒಲೆಗೆ ಹಾಕಿದ್ದಳು. ನಾನು ಕೊಡುವುದಿಲ್ಲ ಅನ್ನಲಿಲ್ಲ. ನಮ್ಮವರು ತೀರಿಹೋದ ಮೇಲೆ ನಾನು ಬಳೆ ತೆಗೆಯಲಿಲ್ಲ. ಸೊಸೆ ಏನೂ ಅನ್ನಲಿಲ್ಲ, ಬೀದಿಯವರೂ ಅನ್ನಲಿಲ್ಲ. ಕಾಲ ಬದಲಾಗಿದೆ ಅಂತಾರೆ. ಅಕ್ಕನ ಕಾಲದಲ್ಲಿ ಬದಲಾಗಬಹುದಾಗಿದ್ದದ್ದು ನನ್ನ ಬಾಯೊಂದೇ.

ಮೊಮ್ಮಗಳಿಗೆ ಬಟ್ಟೆಯ ಮೂಲೆ ಮಡಿಸೋಕೆ ಬರುತ್ತಿರಲಿಲ್ಲ. ಕೈಯಿಂದ ಕಿತ್ತುಕೊಂಡು ಮಡಿಸಿ ಕೊಟ್ಟೆ. ಬಾಯಿ ಬಿಟ್ಟುಕೊಂಡು ನೋಡಿದಳು.

"ಅಜ್ಜಿ! ನಿಂಗೆ ಯಾರು ಕಲಿಸಿದ್ದು?"

"ಎದುರುಮನೆ ಅಕ್ಕ."

"ಈಗೆಲ್ಲಿದಾರೆ?"

"ಗೊತ್ತಿಲ್ಲ. ಬೀದಿಯಿಂದ ನಾನೇ ಓಡಿಸಿದೆ."

ಹುಡುಗಿ ನಕ್ಕಳು, ತಮಾಷೆ ಅಂದುಕೊಂಡು. ನಾನು ನಗದೆ ಇದ್ದದ್ದು ನೋಡಿ ಅವಳ ಕತ್ತರಿ ನಿಂತಿತು.