ಅಕ್ಕಡಿ ಸಾಲಿನ ಗಾಂಜಾ ಗಿಡಗಳು

ನನ್ನ ಮೊಮ್ಮಗ ಮನೆಗೆ ಬಂದ! ನಿನ್ನೆ ಕೋರ್ಟಿನಲ್ಲಿ ಬೇಲಾಯಿತು, ಹೊತ್ತು ಇಳಿಯುವಷ್ಟರಲ್ಲಿ ಜೈಲಿನ ಬಾಗಿಲು ದಾಟಿ ಬಂದ, ಬಂದವನೇ ನನ್ನ ಕಾಲು ಹಿಡಿದುಕೊಂಡ. ಇದನ್ನು ಮೊದಲು ಬರೆದುಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟು ದನ ಮೇಯಿಸಲು ಹೋದವಳು ನಾನು. ಸಂತೋಷವನ್ನು ಸಾಲಾಗಿ ಜೋಡಿಸಿ ಬರೆಯುವುದು ನನಗೆ ಬರುವುದಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿದೆ. ಹಾಲು ಅಳೆಯುವವನು, “ಅಜ್ಜಿ, ಬೇಲು ಅಂದ್ರೆ ಕೇಸು ಮುಗೀತು ಅಂತಲ್ಲ ಕಣಜ್ಜಿ” ಅಂದ.

“ನಂಗೂ ಗೊತ್ತು ಕಣಪ್ಪ. ಹುಡುಗ ಮನೇಲವ್ನೆ, ಅದ್ನ ಹೇಳ್ತಾ ಇವ್ನಿ. ನೀನು ಹಾಲು ಅಳಿ” ಅಂದೆ.

ನಮ್ಮದು ರಾಮನಗರದ ಹತ್ತಿರ, ಕೈಲಾಂಚದ ಕಡೆಯ ಊರು. ರಾಗಿ ಹೊಲ ನನ್ನ ಹೆಸರಿನಲ್ಲಿದೆ, ಹಿಪ್ಪುನೇರಳೆ ತೋಟ ನನ್ನ ಮಗನ ಹೆಸರಿನಲ್ಲಿದೆ. ಯಾವುದು ಯಾರ ಹೆಸರಿನಲ್ಲಿದೆ ಎಂಬುದಕ್ಕೆ ಇಷ್ಟು ಬೆಲೆ ಇದೆ ಅಂತ ಈ ವರ್ಷದವರೆಗೂ ನನಗೆ ತಿಳಿದಿರಲಿಲ್ಲ.

ಗಾಂಜಾ ಗಿಡ ನನಗೆ ಹೊಸದಲ್ಲ. ಮದುವೆಯಾಗಿ ಈ ಮನೆಗೆ ಬಂದಾಗ ನನ್ನ ಅತ್ತೆ ಕೊಟ್ಟಿಗೆಯ ಹಿಂದೆ ಒಂದು ಗಿಡ ಇಟ್ಟುಕೊಂಡಿದ್ದರು. ಬಂಗಿ ಸೊಪ್ಪು ಎನ್ನುತ್ತಿದ್ದರು. ಬೆಟ್ಟದ ಗುಡಿಗೆ ಬರುತ್ತಿದ್ದ ಬೈರಾಗಿಗಳು ಬೀಜ ಕೊಟ್ಟಿದ್ದರಂತೆ. ಹಸು ಭೇದಿ ಹತ್ತಿ ಉಚ್ಚಿಕೊಂಡರೆ ಅದರ ಎಲೆಯನ್ನು ಬೆಲ್ಲದ ಜೊತೆ ಅರೆದು ತಿನ್ನಿಸುತ್ತಿದ್ದರು. ಒಂದು ಸಲ ನನ್ನ ಮಾವ ಬೆಲ್ಲದ ಆಸೆಗೆ ಹಸುವಿಗೆ ಅಂತ ಇಟ್ಟಿದ್ದ ಉಂಡೆಯನ್ನು ತಾವೇ ಬಾಯಿಗೆ ಹಾಕಿಕೊಂಡು, ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಕೂತು ಕೋಳಿಗಳಿಗೆ ಪಂಚಾಯ್ತಿ ಮಾಡಿದರು. “ನೀ ಸುಮ್ಕಿರು, ಅದು ಹೇಳ್ಲಿ” ಅಂತ ಹುಂಜವನ್ನು ಗದರಿಸಿದ್ದು ಈಗಲೂ ಕಿವಿಯಲ್ಲಿದೆ. ಆಮೇಲೆ ಅದನ್ನು ಬೆಳೆಯುವುದು ದೊಡ್ಡ ಅಪರಾಧ ಅಂತ ಕಾನೂನು ಬಂತು. ಅತ್ತೆ ವಾದ ಮಾಡಲಿಲ್ಲ, ಗಿಡ ಕಿತ್ತು ನೀರೊಲೆಗೆ ತುರುಕಿದರು. ಆ ಹೊಗೆ ಬೀದಿಯ ತುಂಬ ಹಬ್ಬಿ, ಜನ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದು ನಗಾಡಿದರು. ಆಗ ನನ್ನ ಮಗ ಚಡ್ಡಿ ಹಾಕುವ ಹುಡುಗ. ಅವನಿಗೆ ಅವಮಾನವಾಗಿತ್ತು, ಅದನ್ನು ಅವನು ಮರೆತಿರಲಿಲ್ಲ.

ಮೊಮ್ಮಗ ಬಿಡದಿಯ ಕಡೆ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟಿನ ಮೇಲೆ ಇದ್ದ. ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ನಿದ್ದೆ ಅನ್ನುವುದು ಅವನನ್ನು ಬಿಟ್ಟೇ ಹೋಯಿತು. ಜೊತೆಯವರು ಗಾಂಜಾ ಸೇದಲು ಕಲಿಸಿದರು. ಕೆಲಸ ಬಿಡಿಸಿದ ಮೇಲೆ ಊರಿಗೆ ಬಂದ, ಅಭ್ಯಾಸವೂ ಅವನ ಹಿಂದೆಯೇ ಬಂತು. ಗಲ್ಲಿಯಲ್ಲಿ ಕಂಡವರ ಹತ್ತಿರ ಕೊಳ್ಳುವುದಕ್ಕಿಂತ ತಾನೇ ಬೆಳೆದುಕೊಳ್ಳುವುದು ಮೇಲು ಅನ್ನಿಸಿತಂತೆ. ರೈತರ ಮನೆಯ ಬುದ್ಧಿ ನೋಡಿ, ಕೆಟ್ಟದ್ದನ್ನೂ ಬೆಳೆದೇ ತಿನ್ನಬೇಕು.

ನಮ್ಮ ಹಳೆಯ ಹುಳುಮನೆ ಖಾಲಿ ಇತ್ತು. ರೇಷ್ಮೆ ಹುಳು ಸಾಕಲು ತೋಟದಲ್ಲಿ ಹೊಸ ಶೆಡ್ಡು ಕಟ್ಟಿದ ಮೇಲೆ ಅದರೊಳಗೆ ಹುಳು ಗೂಡು ಕಟ್ಟುವ ಚಂದ್ರಿಕೆ, ಮುರಿದ ತಟ್ಟೆ ಪೇರಿಸಿದ್ದೆವು. ಹುಳುಮನೆಗೆ ಯಾರೂ ನುಗ್ಗುವುದಿಲ್ಲ, ಅದು ನಮ್ಮ ಕಡೆಯ ಮರ್ಯಾದೆ. ಅವನು ಕಿಟಕಿ ಮುಚ್ಚಿ, ದೀಪ ಹಾಕಿ, ಕುಂಡದಲ್ಲಿ ಗಿಡ ಬೆಳೆಸಿಕೊಂಡ. ಕೇಳಿದರೆ, “ಅಣಬೆ ಮಾಡ್ತಾ ಇವ್ನಿ ಕಣಜ್ಜಿ, ಬೆಳಕು ಬುಟ್ರೆ ಕೆಟ್ಟೋಯ್ತದೆ” ಅನ್ನುತ್ತಿದ್ದ. ನಾನು ಅಣಬೆ ಸಾರಿಗೆ ಕಾಯುತ್ತಿದ್ದೆ!

ಮನೆಯವರು ಯಾರೂ ಕಂಡುಹಿಡಿಯಲಿಲ್ಲ, ಹುಳು ಕಂಡುಹಿಡಿದವು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹುಳಕ್ಕೆ ಸೊಪ್ಪು ಹಾಕಬಾರದು ಅಂತ ನಮ್ಮಲ್ಲಿ ಮಗುವಿಗೂ ಗೊತ್ತು. ಇವನು ಒಂದು ದಿನ ತನ್ನ ಗಿಡದ ಎಲೆ ಬಿಡಿಸಿ, ಕೈ ತೊಳೆಯದೆ, ಅಪ್ಪ ಕೂಗಿದ ಅಂತ ಓಡಿಹೋಗಿ ಶೆಡ್ಡಿನಲ್ಲಿ ಸೊಪ್ಪು ಹರಡಿದ. ಮೂರನೇ ಜ್ವರ ಎದ್ದ ಹುಳು, ಅಂದರೆ ಮೂರನೇ ಸಲ ಪೊರೆ ಬಿಟ್ಟ ಹುಳು, ಹಸಿದು ಮಳೆ ಸುರಿದ ಹಾಗೆ ಸದ್ದು ಮಾಡಿ ತಿನ್ನಬೇಕು. ಇವನು ಹಾಕಿದ ತಟ್ಟೆಗಳಲ್ಲಿ ಒಂದೂ ತಲೆ ಎತ್ತಲಿಲ್ಲ. ನನ್ನ ಮಗ ಸೊಪ್ಪು ಮೂಸಿದ, ಆಮೇಲೆ ಮಗನ ಕೈ ಹಿಡಿದು ಮೂಸಿದ, ಅದೇ ಕೈ ಹಿಡಿದು ಎಳೆದುಕೊಂಡು ಹಳೆಯ ಹುಳುಮನೆಯ ಬಾಗಿಲು ತೆಗೆಸಿದ.

ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಹುಡುಗ ತಲೆ ತಗ್ಗಿಸಿ ಒಂದೊಂದೇ ಗಿಡ ತಾನೇ ಕಿತ್ತ. ಸೊಸೆ, “ಸುಟ್ಟಾಕ್ಬುಡಿ ಅತ್ಲಾಗೆ” ಅಂದಳು.

“ಸುಟ್ರೆ ಊರಿಗೆಲ್ಲ ವಾಸ್ನೆ ಹೊಡೀತದೆ. ಅವತ್ತು ನಮ್ಮಜ್ಜಿ ಸುಟ್ಟಿದ್ದೇ ಸಾಕು” ಅಂದ ನನ್ನ ಮಗ. ಗಿಡಗಳನ್ನೆಲ್ಲ ತಿಪ್ಪೆಗೆ ಹಾಕಿ ಮೇಲೆ ಸಗಣಿ ಮುಚ್ಚಿದ. ನಮಗೆಲ್ಲ ಅದೇ ಸರಿ ಅನ್ನಿಸಿತು. ಬೇಡದ್ದೆಲ್ಲ ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗುತ್ತದೆ ಅಂತ ನಂಬಿ ಬದುಕಿದ ಮನೆ ನಮ್ಮದು. ಬೀಜ ಬಲಿತಿದ್ದ ಗಿಡಗಳೂ ಅದರಲ್ಲಿದ್ದವು, ಅದನ್ನು ಯಾರೂ ನೋಡಲಿಲ್ಲ.

ಅಲ್ಲಿಂದ ಹುಡುಗ ಸೇದುವುದು ಬಿಟ್ಟ. ನಿಜವಾಗಿಯೂ ಬಿಟ್ಟ. ಒಂದಷ್ಟು ದಿನ ಒದ್ದಾಡಿದ, ಸಿಡುಕಿದ, ನನ್ನ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಮಲಗಿದ. ಅಪ್ಪ ಮಾತ್ರ ಮಾತು ಬಿಟ್ಟ. “ನಿನ್ ಮೊಮ್ಮಗ” ಅಂತ ನನ್ನ ಹತ್ತಿರ ಹೇಳುತ್ತಿದ್ದನೇ ಹೊರತು ಮಗ ಅನ್ನುವ ಮಾತು ಅವನ ಬಾಯಿಂದ ಬರಲಿಲ್ಲ.

ಬೇಸಿಗೆ ಕಳೆದು ತಿಪ್ಪೆಯ ಗೊಬ್ಬರ ರಾಗಿ ಹೊಲಕ್ಕೆ ಹೋಯಿತು. ಮಳೆ ಬಂತು, ಬಿತ್ತಿದೆವು. ನಾವು ರಾಗಿಯ ನಡುವೆ ಅಕ್ಕಡಿ ಸಾಲು ಬಿಡುತ್ತೇವೆ. ಆ ಸಾಲುಗಳಲ್ಲಿ ಅವರೆ, ಹುಚ್ಚೆಳ್ಳು, ಜೋಳ, ಒಂದಿಷ್ಟು ಪುಂಡಿ ಸೊಪ್ಪು. ಪುಂಡಿ ಎಲೆ ಬೆರಳು ಬಿಡಿಸಿದ ಹಾಗೆ ಇರುತ್ತದೆ, ಗಾಂಜಾ ಎಲೆಯೂ ಹಾಗೆಯೇ. ಗೊಬ್ಬರದಲ್ಲಿದ್ದ ಬೀಜ ಆ ಸಾಲುಗಳಲ್ಲಿ ಮೊಳೆತು ಗಿಡಗಳಾಗಿದ್ದವು. ಕಳೆ ಕೀಳಲು ಬಂದ ಹೆಂಗಸರು ಪುಂಡಿ ಚೆನ್ನಾಗಿ ಬಂದಿದೆ ಅಂದುಕೊಂಡು ಅವುಗಳ ಬುಡಕ್ಕೆ ಮಣ್ಣು ಏರಿಸಿ ಹೋದರು! ಆ ಸಲ ಮಂಡಿ ನೋವಿನಿಂದ ನಾನು ಹೊಲಕ್ಕೆ ಇಳಿದಿರಲಿಲ್ಲ, ಮಗ ಹುಳದ ಕೆಲಸದಲ್ಲಿ ಮುಳುಗಿದ್ದ. ಗಿಡ ರಾಗಿಯನ್ನು ಮೀರಿ ಬೆಳೆದು ದಾರಿಗೆ ಕಾಣುವ ಹಾಗಾಯಿತು. ಯಾರೋ ಹೇಳಿದರು, ಪೊಲೀಸರು ಬಂದರು.

“ಹೊಲ ಯಾರದು?” ಅಂದರು.

“ನಂದೇ ಸ್ವಾಮಿ” ಅಂದೆ ನಾನು. ಮೊಮ್ಮಗ ಕೊಟ್ಟಿಗೆಯಿಂದ ಓಡಿ ಬಂದು ನನ್ನ ಮುಂದೆ ನಿಂತುಬಿಟ್ಟ.

“ಸಾರ್, ಅಜ್ಜಿಗೇನೂ ಗೊತ್ತಿಲ್ಲ. ಗಿಡ ನಂದು.”

ಗಿಡಗಳನ್ನು ಬೇರು ಸಮೇತ ಕಿತ್ತು ತಕ್ಕಡಿಗೆ ಹಾಕಿದರು. ನನಗೆ ತಡೆಯಲಾಗಲಿಲ್ಲ. “ಸ್ವಾಮಿ, ನನ್ನೊಲದ ಮಣ್ಣಿಗೂ ಕೇಸು ಹಾಕ್ತೀರಾ? ಒಸಿ ಒದರಿ ತೂಗಿ” ಅಂದೆ. ಒಬ್ಬ ಪೊಲೀಸಪ್ಪ ನಕ್ಕು, ಬೇರು ಒದರಿದ. ಆಮೇಲೆ ಹುಡುಗನನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. ಅವತ್ತು ನನ್ನ ಮಗ ಶೆಡ್ಡಿನಿಂದ ಹೊರಗೆ ಬರಲಿಲ್ಲ.

ಬೇಲು ಸಿಗಲು ಪಹಣಿ ಇರುವವರ ಜಾಮೀನು ಬೇಕು ಅಂದರು ಲಾಯರು. ನಾನು ನನ್ನ ಹೊಲ ಇದೆಯಲ್ಲ ಅಂದೆ. “ಅಜ್ಜಿ, ಗಿಡ ಸಿಕ್ಕಿರೋ ಹೊಲಾನೇ ತಂದು ಇಡ್ತೀರಲ್ಲ! ಬೇರೆ ಜಮೀನು ಬೇಕು. ಇವನ ತಂದೆ ಬರಲಿ” ಅಂದರು. ಸೊಸೆ ಅತ್ತಳು. ಮಾಗಡಿಯಿಂದ ಅವಳ ಅಣ್ಣ ಬಂದು ಹೇಳಿನೋಡಿದ. ನನ್ನ ಮಗ, “ಒಳ್ಗೇ ಕುಂತ್ಕಳ್ಳಿ ಅವ್ನು ಒಸಿ ದಿನ, ಬುದ್ಧಿ ಬತ್ತದೆ” ಅಂದ. ಅವನ ಕಣ್ಣು ಗುಳಿ ಬಿದ್ದಿದ್ದವು, ಊಟ ಸೇರುತ್ತಿರಲಿಲ್ಲ. ಹಠ ಮಾತ್ರ ಬಿಡಲಿಲ್ಲ.

ಮೊನ್ನೆ ನಾನು ಜೈಲಿಗೆ ಹೋಗಿ ಹುಡುಗನನ್ನು ನೋಡಿಕೊಂಡು ಬಂದೆ. ಲಾಯರು ಅವನಿಗೆ ಒಂದು ದಾರಿ ಹೇಳಿದ್ದರಂತೆ: ತಿಪ್ಪೆಗೆ ಹಾಕಿದವನು ಅಪ್ಪ, ಗೊಬ್ಬರ ಹೊಡೆಸಿದವನೂ ಅಪ್ಪ, ಅದನ್ನು ಹೇಳಿಬಿಡು, ಕೇಸು ಹಗುರವಾಗುತ್ತದೆ ಅಂತ. ಇವನು, “ಅಪ್ಪನ ಹೆಸರು ಎತ್ಬೇಡಿ ಸಾರ್, ನಾನಿಲ್ಲೇ ಇರ್ತೀನಿ” ಅಂದನಂತೆ. ನಾನು ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಶೆಡ್ಡಿಗೆ ಹೋಗಿ ಮಗನಿಗೆ ಇಷ್ಟನ್ನೇ ಹೇಳಿದೆ. ಅವನು ಸೊಪ್ಪು ಹಾಕುತ್ತಿದ್ದ. ಕೈ ನಿಂತಿತು. ನಾನು ಬಂದುಬಿಟ್ಟೆ.

ನಿನ್ನೆ ಬೆಳಿಗ್ಗೆ ನಾನು ಬಸ್ಸಿಗೆ ಅಂತ ಹೊರಟರೆ ಅವನು ಬಿಳಿ ಅಂಗಿ ಹಾಕಿಕೊಂಡು, ಪಹಣಿ ಜೇಬಿನಲ್ಲಿಟ್ಟುಕೊಂಡು, ಬೈಕು ಸ್ಟಾರ್ಟ್ ಮಾಡಿ ಬಾಗಿಲಲ್ಲಿ ನಿಂತಿದ್ದ.

“ಹತ್ತವ್ವ, ಎಷ್ಟೊತ್ತು ಮಾಡ್ತೀಯ. ಕೋರ್ಟು ನಿಂಗೋಸ್ಕರ ಕಾಯ್ತದಾ?”

“ನಾನು ನಿಂಗೋಸ್ಕರ ಇಷ್ಟು ದಿನ ಕಾದಿಲ್ವೇನ್ಲಾ” ಅಂತ ಹತ್ತಿಕೊಂಡೆ. ದಾರಿಯುದ್ದಕ್ಕೂ ಅವನ ಬೆನ್ನಿನ ಅಂಗಿ ನನ್ನ ಕಣ್ಣೀರಿನಲ್ಲಿ ಒದ್ದೆಯಾಯಿತು, ಗಾಳಿ ಹೊಡೆದು ಒಣಗಿತು.

ರಾಮನಗರದ ಕೋರ್ಟಿನಲ್ಲಿ ಜನವೋ ಜನ. ನನ್ನ ಮಗನನ್ನು ಕರೆದು ನಿಲ್ಲಿಸಿದರು. “ಆರೋಪಿ ನಿಮಗೆ ಏನಾಗಬೇಕು?” ಅಂತ ಕೇಳಿದರು.

“ನನ್ ಮಗ ಸ್ವಾಮಿ” ಅಂದ. ಹಿಂದಿನ ಬೆಂಚಿನವರೆಗೂ ಕೇಳಿಸಿತು. ಹುಡುಗ ಆ ಕಡೆ ಮೂಲೆಯಲ್ಲಿ ಪೊಲೀಸರ ಜೊತೆ ನಿಂತಿದ್ದವನು ಮುಖ ಗೋಡೆಗೆ ತಿರುಗಿಸಿಕೊಂಡ. ನಾನು ಕೋರ್ಟು ಅನ್ನುವುದನ್ನೂ ಮರೆತು ಕೈ ಎತ್ತಿ ಮುಗಿದೆ. ಜಡ್ಜಮ್ಮ ನೋಡಿದರೋ ಇಲ್ಲವೋ, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಸಂಜೆ ಮನೆಯ ಬಾಗಿಲಲ್ಲಿ ಸೊಸೆ ದೃಷ್ಟಿ ಹೋಗಲಿ ಅಂತ ಕೆಂಪು ನೀರು ಇಳಿ ತೆಗೆದಳು. ಹುಡುಗ ಸೊರಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ. ಅವನ ತಂಗಿ, “ಅಣ್ಣ ಬೈರಾಗಿ ಆಗವ್ನೆ” ಅಂತ ಅತ್ತುಕೊಂಡೇ ನಕ್ಕಳು. ಅಪ್ಪ ಅವನ ಮುಖ ನೋಡದೆ, “ಬಿಸಿನೀರು ಕಾದೈತೆ, ಹೋಗಿ ಉಯ್ಕೊ” ಅಂದ. ಆಮೇಲೆ ತಾನೇ ಹೋಗಿ ಒಲೆಗೆ ಇನ್ನೊಂದು ಸೌದೆ ತಳ್ಳಿದ.

ನಾನು ನಾಟಿ ಕೋಳಿ ಕುಯ್ಯಿಸಿ ಸಾರು ಮಾಡಿದೆ, ಸೊಸೆ ಮುದ್ದೆ ಕಟ್ಟಿದಳು. ಗಂಡಸರಿಗೆ ಮೊದಲು, ಹೆಂಗಸರಿಗೆ ಆಮೇಲೆ ಅನ್ನುವುದನ್ನು ನಿನ್ನೆ ಬಿಟ್ಟೆವು. ನಡುಮನೆಯಲ್ಲಿ ಎಲ್ಲರೂ ಒಟ್ಟಿಗೆ ತಟ್ಟೆ ಹಾಕಿಕೊಂಡು ಕೂತೆವು. ಹುಡುಗ ಮೂಲೆಯಲ್ಲಿ ಕೂರಲು ಹೋದ. ಅವನ ಅಪ್ಪ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿ, “ಇತ್ಲಾಗೆ ಬಾರ್ಲಾ, ಅಲ್ಲಿ ಕತ್ಲೆ” ಅಂದ. ತೊಡೆಯ ತುಂಡು ಅಪ್ಪನ ತಟ್ಟೆಗೆ ಬಿದ್ದಿತ್ತು. ಅದನ್ನು ತೆಗೆದು ಮಗನ ತಟ್ಟೆಗೆ ಹಾಕಿದ.

“ನೀನುಣ್ಣಪ್ಪ” ಅಂದ ಹುಡುಗ.

“ಕೋಳಿಗೆ ಎರಡು ಕಾಲು ಕಣ್ಲಾ. ಇನ್ನೊಂದು ನಿಮ್ಮಜ್ಜಿ ಮುಚ್ಚಿಟ್ಟವ್ಳೆ, ನಂಗೊತ್ತು.”

ನಿಜವೇ. ಸೌಟು ಆಡಿಸಿ ಅದನ್ನು ತೆಗೆದು ನನ್ನ ಮಗನಿಗೆ ಬಡಿಸಿದೆ. ಮೊಮ್ಮಗಳು ತನಗಿಲ್ಲ ಅಂತ ಮುನಿಸಿಕೊಂಡಳು, ಸೊಸೆ ನಗುತ್ತಾ ಅವಳಿಗೆ ಇನ್ನೊಂದು ಸೌಟು ಸಾರು ಸುರಿದಳು. ಮೊಮ್ಮಗ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದ. ಇನ್ನೊಂದು ಮುದ್ದೆ ಕೇಳಿದ.